ಮುಯ್ಯಿಗೆ ರಸೀದಿ ಇಲ್ಲ

ಮಾಘ ಮಾಸದ ಆ ಮುಂಜಾನೆ ಬ್ಯಾಡಗಿಯ ಮೇಲೆ ಮಂಜು ದಟ್ಟವಾಗಿ ಇಳಿದಿತ್ತು. ಸ್ಟೇಷನ್ನಿನ ಆಚೆಯ ಬೇವಿನ ಮರಗಳಿಗೆ ಬೊಡ್ಡೆಯೇ ಇರಲಿಲ್ಲ. ನೆತ್ತಿಗಳಷ್ಟೇ ಬಿಳುಪಿನ ಮೇಲೆ ತೇಲುತ್ತಿದ್ದವು. ಗೂಡ್ಸ್ ಗಾಡಿಯೊಂದು ಕಾಣದೆ ಬಂದು ಕಾಣದೆಯೇ ಹೋಯಿತು. ಹೊತ್ತು ಮಾರುದ್ದ ಏರಿ ಮಂಜು ಹರಿದದ್ದೇ ತಡ, ಪೇಟೆಯ ಅಂಗಳದಲ್ಲಿ ಹರವಿದ ಮೆಣಸಿನಕಾಯಿಯ ಘಾಟು ಎಚ್ಚರಗೊಂಡು ಊರೊಳಗೆ ಕಾಲಿಟ್ಟಿತು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಪರವೂರಿನ ವ್ಯಾಪಾರಿಗಳು ಹೊಗಳುತ್ತಾರೆ. ಅದರ ರಾಶಿಯ ನಡುವೆ ಇಪ್ಪತ್ತು ವರ್ಷ ಕುಳಿತವರ ಎದೆಯನ್ನು ಅವರು ಕೇಳಿರುವುದಿಲ್ಲ.

ದೇವವ್ವ ಹಾಗೆ ಕುಳಿತವಳು. ಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಸಾಲಿನಲ್ಲಿ ಅವಳೇ ಹಳಬಳು. ಆ ದಿನ ಮಾತ್ರ ಅವಳು ಪೇಟೆಗೆ ಹೋಗದೆ ಮನೆಯ ಕಟ್ಟೆಯ ಮೇಲೆ ಕುಳಿತು ಕೆಮ್ಮುತ್ತಿದ್ದಳು. ಹಿಂದಿನ ದಿನ ದವಾಖಾನೆಯ ಡಾಕ್ಟರು ಎದೆಗೆ ನಳಿಗೆ ಹಚ್ಚಿ ನೋಡಿ, "ಯವ್ವಾ, ನಿನಗ ಎದಿ ಬೇಕೋ ಮೆಣಸಿನಕಾಯಿ ಬೇಕೋ, ಒಂದು ಹೇಳು" ಎಂದಿದ್ದರು.

ಎದೆ ಬೇಕು. ಆದರೆ ಆ ಎದೆಯ ಕೆಳಗೆ ಒಂದು ಹೊಟ್ಟೆಯೂ ಇತ್ತಲ್ಲ. ಅವಳಿಗೆ ಮಕ್ಕಳಿಲ್ಲ. ಗಂಡ ಮೈಲಾರೆಪ್ಪ ಶಿವನ ಪಾದ ಸೇರಿ ಏಳು ವರ್ಷ. ಅವನು ಅದೇ ಪೇಟೆಯಲ್ಲಿ ಹಮಾಲಿ ಮಾಡಿ, ಬೆನ್ನ ಮೇಲೆ ಚೀಲ ಹೊತ್ತು ಗಳಿಸಿದ್ದರಲ್ಲಿ ಕಟ್ಟಿಸಿದ ಮನೆಯೊಂದಿತ್ತು. ಹಿಂದಿನ ಖೋಲಿಯಲ್ಲಿ ಅವಳು. ಮುಂದಿನ ಎರಡು ಖೋಲಿಯಲ್ಲಿ ಟೇಲರ್ ಬುಡನಸಾಬ ಮತ್ತು ಅವನ ಹೆಂಡತಿ ಚಮನಬಿ. ಬಾಡಿಗೆ ತಿಂಗಳಿಗೆ ನಲವತ್ತು ರೂಪಾಯಿ. ಅದು ಎಂಬತ್ತೇಳನೆಯ ಇಸವಿ; ಹದಿನೆಂಟು ವರ್ಷದಿಂದ ನಲವತ್ತೇ.

ಆ ನಲವತ್ತಕ್ಕೆ ಒಂದು ಕಥೆ ಇತ್ತು. ಬುಡನಸಾಬನ ಅಪ್ಪ ಚಾಂದಸಾಬ ಬಾಡಿಗೆಗಿದ್ದ ಕಾಲದಲ್ಲಿ, ಮೈಲಾರೆಪ್ಪ ಮೂವತ್ತಿದ್ದ ಬಾಡಿಗೆಯನ್ನು ಒಮ್ಮೆಲೇ ಅರವತ್ತು ಮಾಡುತ್ತೇನೆಂದ. ಚಾಂದಸಾಬ ಹಾವೇರಿಯ ಕಚೇರಿಗೆ ಅರ್ಜಿ ಹಾಕಿದ. ತಾರೀಖಿನ ದಿನ ವಾದಿ ಪ್ರತಿವಾದಿ ಇಬ್ಬರೂ ಒಂದೇ ರೈಲಿಗೆ ಹೋಗುತ್ತಿದ್ದರು. ದೇವವ್ವ ಗಂಡನಿಗೆ ಕಟ್ಟಿಕೊಟ್ಟ ಬುತ್ತಿಯಲ್ಲಿ ಇಬ್ಬರಿಗಾಗುವಷ್ಟು ರೊಟ್ಟಿ ಇರುತ್ತಿತ್ತು. "ಹೊಟ್ಟಿ ಜಗಳಾ ಆಡಿಲ್ಲಲೇ, ನಾವಿಬ್ಬರು ಆಡೇವಿ" ಎಂದು ಮೈಲಾರೆಪ್ಪ ನಗುತ್ತಿದ್ದ. ಕಡೆಗೆ ಸರಕಾರ ನಲವತ್ತೆಂದು ಗೊತ್ತು ಮಾಡಿತು. ಚಾಂದಸಾಬ ಸಾಯುವಾಗ ಮಗನ ಕೈ ಹಿಡಿದು, "ಸರಕಾರ ಹೇಳಿದ್ದಕ್ಕಿಂತ ಒಂದು ಪೈಸೆ ಹೆಚ್ಚು ಕೊಡಬ್ಯಾಡ, ಒಂದು ಪೈಸೆ ಕಮ್ಮಿ ಕೊಡಬ್ಯಾಡ, ಒಂದು ದಿನಾ ತಡಾ ಮಾಡಬ್ಯಾಡ" ಎಂದು ಹೇಳಿಹೋದ. ಬುಡನಸಾಬ ಆ ಮೂರೂ ಮಾತನ್ನು ನಮಾಜಿನಷ್ಟೇ ನಿಷ್ಠೆಯಿಂದ ನಡೆಸಿಕೊಂಡು ಬಂದಿದ್ದ.

ದೇವವ್ವ ಮಧ್ಯಾಹ್ನದ ರೈಲು ಹತ್ತಿ ರಾಣೆಬೆನ್ನೂರಿಗೆ ಹೋದಳು. ದೇವರಗುಡ್ಡ ಬಂದಾಗ ಕಿಟಕಿಯಿಂದಲೇ ಮಾಲತೇಶನಿಗೆ ಕೈಮುಗಿದಳು. ಗಂಡನ ವ್ಯಾಜ್ಯ ನಡೆಸಿದ್ದ ಹೇಮಪ್ಪ ವಕೀಲರು ಈಗ ಮುದುಕರಾಗಿ, ಮನೆಯ ಪಡಸಾಲೆಯಲ್ಲೇ ಕುಳಿತು ಕೇಳಿಬಂದವರಿಗೆ ಬುದ್ಧಿ ಹೇಳುತ್ತಿದ್ದರು.

"ಸಾಹೇಬ್ರ, ನಲವತ್ತು ರೂಪಾಯ್ದಾಗ ಜೋಳಾ ಬಂದ್ರ ಎಣ್ಣಿ ಬರೂದಿಲ್ರಿ. ಏರಸಾಕ ದಾರಿ ಐತೇನ್ರಿ?"

"ಬುಡನಸಾಬ ತಾನಾಗೇ ಹೆಚ್ಚು ಕೊಟ್ಟರೂ ನೀ ತಗೊಳ್ಳೂಹಂಗಿಲ್ಲವಾ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಕೈಯಾಗ ಹಿಡಕೊಂಡ್ರ ನಿನ್ನ ಮ್ಯಾಲೇ ತಪ್ಪು ಬರತದ."

ದೇವವ್ವನ ಮುಖ ಬಾಡಿತು. ವಕೀಲರು ಎಲೆ ಅಡಿಕೆಯ ತಟ್ಟೆ ಮುಂದೆ ಸರಿಸಿದರು.

"ತಡಿ. ಕಾನೂನು ಎಷ್ಟು ಗಟ್ಟಿ ಗ್ವಾಡಿ ಕಟ್ಟಿದ್ರೂ ಒಂದು ಕಿಂಡಿ ಬಿಟ್ಟಿರತದ. ಮನಿಗೆ ನೀ ಏನರೆ ಹೊಸಾದು ಮಾಡಿಸಿಕೊಟ್ರ, ಆ ಖರ್ಚು ನೋಡಿ ಸರಕಾರ ಬಾಡಿಗಿ ಏರಸತದ. ಮಾಳಿಗಿ ಮ್ಯಾಲ ಮಣ್ಣು ಹಾಕಿದ್ದು, ಸುಣ್ಣಾ ಬಳದದ್ದು ನಡಿಯೂದಿಲ್ಲ; ಅದು ರಿಪೇರಿ, ನಿನ್ನ ಕರ್ತವ್ಯ. ಹೊಸಾದ ಆಗಬೇಕು. ಮತ್ತ ಅದನ್ನ ಬಾಡಿಗಿದಾರನ ಕೇಳಬೇಕು, ಬರವಣಿಗಿಲೆ."

"ಅಂವ ಕೇಳಬೇಕು? ತನ್ನ ಬಾಡಿಗಿ ಏರಸು ಅಂತ?"

"ಬಾಡಿಗಿ ಏರಸು ಅಂತಲ್ಲ. ಬಚ್ಚಲಾ ಕಟ್ಟಸು, ನಳಾ ಹಾಕಸು ಅಂತ. ಏರೂದು ಆಮ್ಯಾಲ ತಾನ ಏರತದ. ಒಂದು ಮೂರು ಸಾವಿರ ಖರ್ಚ ಮಾಡಿದಿ ಅಂದ್ರ ತಿಂಗಳಿಗೆ ಇಪ್ಪತ್ತೈದರ ಆಜೂಬಾಜೂ ಏರಬಹುದು."

ನಲವತ್ತು, ಇಪ್ಪತ್ತೈದು, ಅರವತ್ತೈದು. ಅರವತ್ತೈದು ಬಂದರೆ ಪೇಟೆಯ ಮುಖ ನೋಡಬೇಕಿಲ್ಲ. ಮೂರು ಸಾವಿರಕ್ಕೆ ಮದುವೆಯಲ್ಲಿ ತವರಿನವರು ಕೊಟ್ಟ ಬೆಳ್ಳಿಯ ಡಾಬು ಇತ್ತು. ಸೊಂಟಕ್ಕೆ ಹಾಕಿ ಮೆರೆಯುವ ವಯಸ್ಸೂ ಕಳೆದಿತ್ತು. ವಾಪಸು ಬರುವಾಗ ರೈಲಿನ ಗಾಲಿಗಳು ಅರವತ್ತೈದು ಅರವತ್ತೈದು ಎಂದೇ ಉರುಳಿದವು.

ಮರುದಿನ ಅವಳು ಮುಂದಿನ ಖೋಲಿಗೆ ಹೋಗಿ, ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದಳು. ಬುಡನಸಾಬ ಮಷೀನಿನ ಗಾಲಿಯ ಮೇಲೆ ಕೈಯಿಟ್ಟು ಅದನ್ನು ನಿಲ್ಲಿಸಿದ.

"ಅಲ್ಲ ಚಿಗವ್ವಾ, ಕುರಿ ತಾನ ಹೋಗಿ ಕತ್ತರಿ ತಂದು ಕೊಟ್ಟಂಗಾತಲ್ಲ! ನನ್ನ ಉಣ್ಣಿ ಕತ್ತರಸ್ರಿ ಅಂತ ನಾನ ಅರ್ಜಿ ಬರೀಲೇನು?"

"ನಿನ್ನ ಅಪ್ಪನ ಮಾತು ಮುರೀಬ್ಯಾಡಪಾ. ಸರಕಾರ ಹೇಳಿದ್ದನ್ನ ಕೊಡು ಅಂದಾನ. ಸರಕಾರನ ಬ್ಯಾರೆ ಹೇಳಿದ್ರ?"

ಅಷ್ಟರಲ್ಲಿ ಸ್ಟೇಷನ್ನಿನ ಬಳಿಯ ನಳದಿಂದ ಮೂರನೆಯ ಕೊಡ ಹೊತ್ತು ಬಂದ ಚಮನಬಿ, ಕೊಡವನ್ನು ಬಾಗಿಲಲ್ಲೇ ಕುಕ್ಕಿದಳು.

"ಬರೀರಿ. ಈಗ ಬರೀರಿ. ಹದಿನಾರು ವರ್ಷ ಆತು, ಗೋಣಿತಟ್ಟಿನ ಮರೆಗೆ ಕುಂತು ಜಳಕಾ ಮಾಡಾಕತ್ತು. ಗಾಳಿ ಬೀಸಿದ್ರ ಎಡಗೈಲೆ ತಟ್ಟು ಹಿಡೀಬೇಕು, ಬಲಗೈಲೆ ತಂಬಿಗಿ ಹಿಡೀಬೇಕು. ನಿಮಗೇನು, ಕೆರೀಗೆ ಹೋಗಿ ಮುಣಗಿ ಬರ್ತೀರಿ!"

"ಇಪ್ಪತ್ತೈದು ರೂಪಾಯಿ ಹೆಚ್ಚು ಕೊಡಬೇಕಾಕ್ಕೇತೆಲೇ."

"ನಾಕು ಜಂಪರು ಹೆಚ್ಚು ಹೊಲೀರಿ. ನೀರು ತರೂ ಹೊತ್ನ್ಯಾಗ ನಾನೂ ಗುಂಡಿಗೆ ಕಾಜಾ ಮಾಡತೇನಿ."

ಬುಡನಸಾಬ ಅಳತೆಪಟ್ಟಿಯನ್ನು ಕೊರಳಿಂದ ತೆಗೆದಿಟ್ಟು, ದೊಡ್ಡ ಅಕ್ಷರಗಳಲ್ಲಿ ಬರೆದು ಸಹಿ ಮಾಡಿದ: ಮಾಲಕರಾದ ದೇವವ್ವನವರು ನಮಗೆ ಒಂದು ಬಚ್ಚಲಮನೆ ಕಟ್ಟಿಸಿ ನಳ ಹಾಕಿಸಿಕೊಡಬೇಕಾಗಿ ವಿನಂತಿ.

ಯುಗಾದಿ ಮುಗಿದ ಮೇಲೆ ಕೆಲಸ ಹಿಡಿದರು. ಆ ಆರು ದಿನಗಳನ್ನು ದೇವವ್ವ ಮುಂದೆ ಎಷ್ಟೋ ಸಲ ನೆನೆಸಿಕೊಂಡಳು. ಗೋಡೆ ಕಟ್ಟುವ ಗೌಂಡಿಯನ್ನು ಹುಡುಕಲು ಹೊರಟವಳನ್ನು ಚಮನಬಿಯೇ ತಡೆದಳು. "ನಮ್ಮ ಅಣ್ಣ ಹನೀಫ ಮೇಡ್ಲೇರಿಯೊಳಗ ಗೌಂಡಿ ಅದಾನಲ್ಲ ಅತ್ತಿ. ನಮ್ಮ ಮನೆಯವರು ಅವನ ಮಕ್ಕಳಿಗೆಲ್ಲಾ ಪುಕ್ಕಟೆ ಹೊಲೀತಾರ. ಮುಯ್ಯಿ ತೀರಸಲಿ." ಮಹಮ್ಮದ್ ಹನೀಫ ಚಕ್ಕಡಿಯ ತುಂಬ ತುಂಗಭದ್ರೆಯ ಉಸುಕು ಹೇರಿಕೊಂಡು ಬಂದ. ಹಿತ್ತಿಲಲ್ಲಿ ಬಿದ್ದ ಹಳೆಯ ಗೋಡೆಯ ಕಲ್ಲುಗಳೇ ಸಾಕಾದವು. ಬುಡನಸಾಬ ಲುಂಗಿ ಎತ್ತಿಕಟ್ಟಿ ಪಾಯ ಅಗೆದ. ಚಮನಬಿ ಬುಟ್ಟಿ ಹೊತ್ತಳು. ದೇವವ್ವ ಕೆಮ್ಮುತ್ತಲೇ ಎಲ್ಲರಿಗೂ ರೊಟ್ಟಿ ಬಡಿದಳು, ಪುಂಡಿಪಲ್ಯ ಮಾಡಿದಳು. ಹನೀಫ ಗೋಡೆಯ ಮೇಲೆ ನಿಂತು, "ಏ ಟೇಲರಾ, ಪಾಯಾ ಅಗಿ ಅಂದ್ರ ಕಾಜಾ ಕತ್ತರಸಾಕತ್ತೀಯಲ್ಲೋ" ಎಂದು ಕೂಗಿದರೆ, ಬುಡನಸಾಬ ಕೆಳಗಿನಿಂದ, "ನಿನ್ನ ಗ್ವಾಡಿ ನೆಟ್ಟಗೈತೇನು ನೋಡಿಕೋ, ನಾ ಸೊಟ್ಟ ಹೊಲದ್ರ ಬಿಚ್ಚಬಹುದು" ಎನ್ನುತ್ತಿದ್ದ.

ಹಳ್ಳಿಯಲ್ಲಿ ಹುಟ್ಟಿದವರಿಗೆ ಮುಯ್ಯಾಳಿನ ಸುಖ ಗೊತ್ತು. ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಕೂಲಿಯಿಲ್ಲ, ಚೀಟಿಯಿಲ್ಲ. ಯಾರು ಯಾರಿಗೆ ಎಷ್ಟು ದಿನ ದುಡಿದರೆಂಬುದು ಮನಸ್ಸಿನಲ್ಲಿ ಮಾತ್ರ. ಅದನ್ನು ಮರೆತವನನ್ನು ಊರು ಮರೆಯುತ್ತದೆ.

ಏಳನೆಯ ದಿನ ನಳದ ನೀರು ಮೊದಲು ಕೆಮ್ಮಿ, ಆಮೇಲೆ ತಿಳಿಯಾಗಿ ಬಂತು. ದೇವವ್ವ ಅದಕ್ಕೆ ಕುಂಕುಮ ಹಚ್ಚಿದಳು, ಚಮನಬಿ ಸಕ್ಕರೆ ಹಂಚಿದಳು. ಸಿಮೆಂಟು, ಪೈಪು, ನಳದ ಫೀಜು ಎಲ್ಲ ಸೇರಿ ಖರ್ಚಾದದ್ದು ಏಳುನೂರು ರೂಪಾಯಿ. ಅದು ಅವಳ ಗಂಟಿನಲ್ಲೇ ಇತ್ತು. ಡಾಬು ಮಾರುವುದೇ ಬೇಡವಾಯಿತೆಂದು ಅವಳು ಹಿಗ್ಗಿ, ರಸೀದಿಗಳನ್ನು ಸೆರಗಿಗೆ ಗಂಟುಹಾಕಿಕೊಂಡು ರಾಣೆಬೆನ್ನೂರಿಗೆ ಹೋದಳು.

ಹೇಮಪ್ಪ ವಕೀಲರು ರಸೀದಿ ನೋಡಿದರು. ಹಿಂದೆ ತಿರುಗಿಸಿ ನೋಡಿದರು.

"ಉಳದದ್ದು ಎಲ್ಲಿ? ಗೌಂಡಿದು, ಆಳಿಂದು, ಕಲ್ಲಿಂದು, ಉಸುಕಿಂದು?"

"ಅದೆಲ್ಲಾ ಮುಯ್ಯೀರಿ. ಪುಕ್ಕಟೆ ಆತು. ಬುಡನ್ಯಾನ ಮನಿಯವರ ನಿಂತು ಕಟ್ಟಿದ್ರು."

ವಕೀಲರು ಕನ್ನಡಕ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ಅಯ್ಯ ನಮ್ಮವ್ವಾ! ಊರೆಲ್ಲಾ ಖರ್ಚು ಉಳಸಿ ಶಾಣ್ಯಾರಾಗ್ತಾರ, ನೀ ಖರ್ಚು ಉಳಸಿ ಹುಚ್ಚಿ ಆದಿ. ಏರೂದು ನೀ ಹಾಕಿದ ರೊಕ್ಕದ ಮ್ಯಾಲ. ಬಾಡಿಗಿದಾರ ಬೆವರು ಹರಿಸಿ ಕಟ್ಟಿದ್ದಕ್ಕ ಬಾಡಿಗಿದಾರನ ಕಡೆ ಹೆಂಗ ಹೆಚ್ಚು ಕೇಳ್ತಿ? ಏಳುನೂರಕ್ಕ ಐದಾರು ರೂಪಾಯಿ ಸಿಕ್ಕರ ಪುಣ್ಯಾ."

ಆರು ರೂಪಾಯಿ. ದೇವವ್ವ ರಸೀದಿಗಳನ್ನು ಮತ್ತೆ ಸೆರಗಿಗೆ ಗಂಟುಹಾಕಿಕೊಂಡಳು. ಅರ್ಜಿ ಹಾಕಲು ಹಾವೇರಿಗೆ ಹೋದಾಗ, ಕಚೇರಿಯ ಹೊರಗೆ ಹುಣಸೆಮರದ ಕೆಳಗೆ ಕುಳಿತು ಅರ್ಜಿ ಬರೆಯುತ್ತಿದ್ದ ಫಕ್ಕೀರೇಶ ಅವಳ ಕಥೆ ಕೇಳಿ ನಕ್ಕ.

"ಇದೇನು ದೊಡ್ಡ ಕೆಲಸ? ಗೌಂಡಿಗೆ ಇಷ್ಟು, ಆಳಿಗೆ ಇಷ್ಟು, ಕಲ್ಲು ಉಸುಕಿಗೆ ಇಷ್ಟು, ಒಟ್ಟು ಎರಡು ಸಾವಿರದ ಮುನ್ನೂರು ರೊಕ್ಕ ಮುಟ್ಟೇತಿ ಅಂತ ನಾ ಬರದು ಕೊಡ್ತೇನಿ. ಅವರು ಕೆಳಗ ಹೆಬ್ಬೆಟ್ಟು ಒತ್ತಿ, ಸಾಹೇಬ್ರ ಮುಂದ 'ಹೌದ್ರಿ' ಅಂದ್ರ ಮುಗೀತು. ಅರವತ್ತೈದು ನಿನ್ನ ಉಡ್ಯಾಗ."

ಅವಳು ಆ ಕಾಗದ ತಂದಳು. ಅದನ್ನು ಬುಡನಸಾಬನ ಕತ್ತರಿಯ ಪಕ್ಕದಲ್ಲಿಟ್ಟಳು. ಅವನು ಓದಿದ. ಬಹಳ ಹೊತ್ತು ಓದಿದ.

"ಸಹಿ ಮಾಡತೇನಿ ಚಿಗವ್ವಾ," ಎಂದ ಕಡೆಗೆ. "ನಿಮ್ಮ ಎದಿ ಕೆಮ್ಮೂದು ನಾ ದಿನಾ ಕೇಳತೇನಿ. ಆದ್ರ ಒಂದು ಮಾತು ಹೇಳ್ರಿ. ನಾಳೆ ನಿಮ್ಮ ಮನ್ಯಾಗ ಏನರೆ ಹೆಚ್ಚುಕಮ್ಮಿ ಆದ್ರ ನಾ ಓಡಿ ಬರಬೇಕೋ, ಕೂಲಿ ಎಷ್ಟು ಅಂತ ಕೇಳಿ ಬರಬೇಕೋ?"

ಚಮನಬಿ ಹೊರಗೆ ಬಂದು ಕಾಗದದ ಮೇಲೆ ಬಗ್ಗಿದಳು. "ನನಗೆಷ್ಟು ಬರಸೀರಿ ಅತ್ತಿ? ಗಂಡಾಳಿಗೆ ಹದಿನೈದು, ಹೆಣ್ಣಾಳಿಗೆ ಎಂಟು ಏನು? ಬುಟ್ಟಿ ಹೊರುವಾಗ ನಾ ಎರಡು ಸಲ ಕುಂತಿದ್ನೆ, ಅದನ್ನೂ ಮುರಕೋರಿ."

ಅವಳು ನಗುತ್ತಾ ಅಂದಿದ್ದಳು, ಆದರೆ ಕಣ್ಣು ನಗುತ್ತಿರಲಿಲ್ಲ. ದೇವವ್ವ ಕಾಗದ ಎತ್ತಿಕೊಂಡು ಹಿಂದಿನ ಖೋಲಿಗೆ ಹೋಗಿ ಕದ ಹಾಕಿಕೊಂಡಳು.

ಶನಿವಾರ ಅವಳು ಕದರಮಂಡಲಗಿಗೆ ನಡೆದು ಹೋದಳು. ದಾರಿಯುದ್ದಕ್ಕೂ ಸೆರಗಿನ ಗಂಟಿನಲ್ಲಿ ಆ ಕಾಗದ ಇತ್ತು. ಅದನ್ನು ಅಲ್ಲಿಯ ಆಂಜನೇಯ ಕಾಂತೇಶನ ಪಾದಕ್ಕೆ ಮುಟ್ಟಿಸಿ, ತಪ್ಪಾದರೆ ಹೊಟ್ಟೆಗೆ ಹಾಕಿಕೋ ಎಂದು ಕೇಳಿಕೊಳ್ಳುವ ಮನಸ್ಸು. ಮಂಗಳಾರತಿಯ ಬೆಳಕಿನಲ್ಲಿ ಕಾಂತೇಶನ ಕಣ್ಣು ಹೊಳೆದವು. ಅವಳು ಕೈಮುಗಿದಳು, ಬಾಯಿ ತೆರೆದಳು. ಬಂದದ್ದು ಬೇಡಿಕೆಯಲ್ಲ, ಲೆಕ್ಕ. ಹನೀಫಂದು ಆರು ದಿನ. ಬುಡನ್ಯಾಂದು ಐದು. ಚಮನಿದು ಆರು. ಹದಿನೇಳು. ಮತ್ತೊಮ್ಮೆ ಬೇಡಿಕೊಳ್ಳಲು ಹೋದಳು. ಮತ್ತೆ ಹದಿನೇಳೇ ಬಂತು. ಬುದ್ಧಿ ಹೇಳಲು ದೇವರಿಗೆ ದೊಡ್ಡ ದೊಡ್ಡ ಮಾತು ಬೇಕಿಲ್ಲ; ನಮ್ಮ ಬಾಯಿಂದಲೇ ನಮ್ಮ ಋಣ ಎಣಿಸುತ್ತಾನೆ.

ಹೊರಗೆ ಧೂಪದ ಕೆಂಡ ಇನ್ನೂ ಆರಿರಲಿಲ್ಲ. ಅವಳು ಕಾಗದವನ್ನು ಅದರೊಳಗೆ ಬಿಟ್ಟು, ಉರಿದು ಕಪ್ಪಾಗುವವರೆಗೆ ನಿಂತು, ಮನೆಯ ದಾರಿ ಹಿಡಿದಳು.

ಹಾವೇರಿಯಲ್ಲಿ ವಿಚಾರಣೆ ನಡೆದದ್ದು ಮಳೆಗಾಲ ಮುಗಿದ ಮೇಲೆ. ಸಾಹೇಬರು ಎಳೆಯ ವಯಸ್ಸಿನವರು, ಸಮಾಧಾನದವರು.

"ಬಚ್ಚಲಮನಿ ಕಟ್ಟಿಸಿದ್ದು ಯಾರು?"

"ಚಿಗವ್ವ ಕಟ್ಟಿಸಿದ್ರು ಸಾಹೇಬ್ರ," ಎಂದ ಬುಡನಸಾಬ.

"ಕಟ್ಟಿದ್ದು?"

"ನಾವ ಕಟ್ಟೇವ್ರಿ."

"ಕೂಲಿ ಎಷ್ಟು ಕೊಟ್ಟರು?"

ಬುಡನಸಾಬ ದೇವವ್ವನ ಕಡೆ ನೋಡಿದ. ಅವಳು ಅವನಿಗಿಂತ ಮೊದಲೇ ಹೇಳಿಬಿಟ್ಟಳು: "ಕೂಲಿ ಕೊಟ್ಟಿಲ್ರಿ. ಅದು ಮುಯ್ಯಿ. ಹದಿನೇಳು ದಿನದ ಆಳು ನಾನ ಅವರಿಗೆ ತೀರಸಬೇಕು."

ಸಾಹೇಬರು ಬರೆಯುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿದರು. "ನಿಮ್ಮ ಮುಯ್ಯಿಗೆ ಸರಕಾರದಾಗ ಕಾಲಮ್ ಇಲ್ಲ ತಾಯಿ" ಎಂದು ಮೆತ್ತಗೆ ಹೇಳಿ, ಏಳುನೂರರ ಮೇಲೆ ಲೆಕ್ಕ ಹಾಕಿದರು. ಬಾಡಿಗೆ ನಲವತ್ತಾರಾಯಿತು.

ಪೇಟೆಗೆ ಹೊಸ ಕಾಯಿ ಬಂತು. ದೇವವ್ವ ಮೂಗಿಗೆ ಹಸಿ ಅರಿವೆ ಕಟ್ಟಿಕೊಂಡು ಮತ್ತೆ ಹೋಗತೊಡಗಿದಳು. ಮೊದಲು ವಾರಕ್ಕೆ ಎರಡು ದಿನ, ಆಮೇಲೆ ನಾಲ್ಕು. ಬೆಳಿಗ್ಗೆ ಮಷೀನಿನ ಮುಂದಿನಿಂದ ಅವಳು ಹಾದುಹೋಗುವಾಗ ಬುಡನಸಾಬ ತಲೆ ಎತ್ತುತ್ತಿರಲಿಲ್ಲ. ಸಂಜೆ ಅವಳ ಕೆಮ್ಮು ಗೋಡೆಯ ಈಚೆಗೆ ಕೇಳಿದಾಗ ಮಷೀನು ಸುಮ್ಮನೆ ನಿಲ್ಲುತ್ತಿತ್ತು. ಚಮನಬಿ ಶುಂಠಿ ಕಷಾಯ ಕಾಸಿ ಕೊಡುತ್ತಿದ್ದಳು. ಇಬ್ಬರೂ ಬಚ್ಚಲಿನ ಮಾತೆತ್ತುತ್ತಿರಲಿಲ್ಲ.

ಹೋಳಿ ಹುಣ್ಣಿಮೆಯ ಮಾರನೆಯ ದಿನ ಬುಡನಸಾಬ ಹಿಂದಿನ ಖೋಲಿಯ ಬಾಗಿಲಿಗೆ ಬಂದು ನಿಂತ. ಕೈಯಲ್ಲೊಂದು ಕಾಗದ.

"ಏನೋ ಅದು?"

"ಅರ್ಜಿ. ಮಾಲಕರಾದ ದೇವವ್ವನವರು ನಮ್ಮ ಎರಡೂ ಖೋಲಿಯ ನೆಲಕ್ಕೆ ಪರಸಿಕಲ್ಲು ಹಾಕಿಸಿ, ಕರೆಂಟು ಎಳೆಸಿಕೊಡಬೇಕಾಗಿ ವಿನಂತಿ."

"ಹುಚ್ಚಪ್ಪಾ, ಬಾಡಿಗಿ ಏರತೇತಿ."

"ಏರಲಿ. ಲೈಟು ಬಂದ್ರ ಸಂಜೀಕೂ ಹೊಲೀತೇನಿ. ನಾ ರಾಣೆಬೆನ್ನೂರಿಗೆ ಹೋಗಿ ಹೇಮಪ್ಪ ವಕೀಲರನ್ನ ಕೇಳಿಕೊಂಡ ಬಂದೇನಿ. ಒಂದ ಷರತ್ತು. ಈ ಸಲ ಎಲ್ಲಾ ಕೂಲಿ ಆಳಿಂದನ ಆಗಬೇಕು. ನನ್ನ ಕೈ, ಚಮನಿ ಕೈ, ಒಂದು ಕಲ್ಲಿಗೂ ಹತ್ತೂಹಂಗಿಲ್ಲ."

ದೇವವ್ವ ಡಾಬನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ರಾಣೆಬೆನ್ನೂರಿನ ಚಿನಿವಾರನಿಗೆ ಕೊಟ್ಟು ಬಂದಳು. ಕೆಲಸ ಶುರುವಾಯಿತು. ಬ್ಯಾಡಗಿಯಲ್ಲಿ ಅಂಥ ಕೆಲಸವನ್ನು ಯಾರೂ ಕಂಡಿರಲಿಲ್ಲ.

ಎದುರು ಮನೆಯ ಕಟ್ಟೆಯ ಮೇಲೆ ಬುಡನಸಾಬ ಕೈಕಟ್ಟಿ ಕುಳಿತ. ಕುಳಿತದ್ದಾದರೂ ಹೇಗೆ? ಬೇರೆಯವರು ಮಣ್ಣು ಹೊರುವಾಗ ಸುಮ್ಮನೆ ನೋಡುವುದನ್ನು ಅವನ ಮೈ ಕಲಿತಿರಲಿಲ್ಲ. ಒಬ್ಬ ಆಳು ಬುಟ್ಟಿ ಎತ್ತಿದರೆ ಇವನ ಭುಜ ಮೇಲೇಳುತ್ತಿತ್ತು. ಗೌಂಡಿ ಕರಣೆ ಕೇಳಿದರೆ ಇವನ ಕೈ ಮುಂದೆ ಹೋಗಿ, ಅರ್ಧ ದಾರಿಯಲ್ಲಿ ನೆನಪಾಗಿ ತಲೆ ತುರಿಸಿಕೊಂಡು ಹಿಂದೆ ಬರುತ್ತಿತ್ತು. ದಾರಿಹೋಕರು ಬಿಟ್ಟಾರೆಯೇ?

"ಏನೋ ಸಾಬಾ, ಸಾವ್ಕಾರ ಆಗೀಯೇನು? ಕಾಲ ಮ್ಯಾಲ ಕಾಲ ಹಾಕ್ಕೊಂಡು ಕುಂತೀದಿ?"

"ಬಾಡಿಗಿ ಏರಸಾಕತ್ತೇನಿ," ಎನ್ನುತ್ತಿದ್ದ ಬುಡನಸಾಬ. "ಬಾಳ ತ್ರಾಸಿನ ಕೆಲಸಪಾ ಇದು. ನಿನ್ನಿಂದಾಗೂದಿಲ್ಲ."

ಎರಡನೆಯ ದಿನ ದೊಡ್ಡ ಪರಸಿಕಲ್ಲೊಂದನ್ನು ಇಬ್ಬರು ಆಳುಗಳು ಹೊಸ್ತಿಲು ದಾಟಿಸುವಾಗ ಒಬ್ಬನ ಕಾಲು ಜಾರಿತು. ಬುಡನಸಾಬ ಕಟ್ಟೆಯಿಂದ ಹಾರಿ ಬಾಗಿಲಿಗೆ ಬಂದೇ ಬಿಟ್ಟ.

"ಮುಟ್ಟಬ್ಯಾಡ!" ಒಳಗಿನಿಂದ ದೇವವ್ವ ಕೂಗಿದಳು. "ಮುಟ್ಟಿದ್ರ ಎಂಟಾಣೆ ಇಳೀತೇತಿ!"

ಆಳುಗಳು ನಗೆ ತಡೆಯಲಾರದೆ ಕಲ್ಲನ್ನು ನೆಲಕ್ಕಿಟ್ಟು ಅದರ ಮೇಲೆಯೇ ಕುಳಿತರು. ಆವತ್ತು ಬಹಳ ದಿನದ ಮೇಲೆ ದೇವವ್ವ ಕೆಮ್ಮು ಬರುವವರೆಗೆ ನಕ್ಕಳು.

ಚಮನಬಿಗೆ ಅಷ್ಟು ಸಹ ಆಗಲಿಲ್ಲ. ಮೊದಲ ದಿನ ಮಧ್ಯಾಹ್ನವೇ ಬುರುಖಾ ಹಾಕಿಕೊಂಡು ಹೊರಟಳು. "ನಾ ಮೇಡ್ಲೇರಿಗೆ ಹೊಕ್ಕೇನಿ ಅತ್ತಿ. ನಿಮ್ಮ ಮನ್ಯಾಗ ಕೆಲಸ ನಡದಾಗ ಸುಮ್ಮ ಕುಂದ್ರೂ ಶಿಕ್ಷಾ ನನಗ ಯಾವ ಕೋರ್ಟೂ ಕೊಡಬಾರದು."

ಎಲ್ಲದಕ್ಕೂ ರಸೀದಿ ಬಂತು: ಕಲ್ಲಿಗೆ, ಗೌಂಡಿಗೆ, ಆಳಿಗೆ, ವೈರಿಗೆ, ಬಲ್ಬಿಗೆ. ಒಟ್ಟು ಎರಡು ಸಾವಿರದ ಒಂಬೈನೂರು. ಹಾವೇರಿಯ ಸಾಹೇಬರು ರಸೀದಿಗಳನ್ನು ಒಂದೊಂದಾಗಿ ತಿರುವಿ, "ಈ ಸಲ ಮುಯ್ಯಿ ಇಲ್ಲೇನು?" ಎಂದು ಕೇಳಿದರು. "ಇಲ್ರಿ ಸಾಹೇಬ್ರ, ಕಷ್ಟಪಟ್ಟು ಸುಮ್ಮ ಕುಂತೇನ್ರಿ" ಎಂದ ಬುಡನಸಾಬ. ತೀರ್ಪು ಬರಲು ಮತ್ತೆ ಒಂದು ಮಳೆಗಾಲ, ಒಂದು ಚಳಿಗಾಲ ಹೋಯಿತು. ಬಾಡಿಗೆ ಎಪ್ಪತ್ತಾಯಿತು. ಮುಂದಿನ ತಿಂಗಳ ಒಂದನೆಯ ತಾರೀಖು ಬುಡನಸಾಬ ಎಪ್ಪತ್ತು ರೂಪಾಯಿಯನ್ನು ಎಲೆಯ ಮೇಲಿಟ್ಟು ಕೊಟ್ಟ. ಒಂದು ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ದಿನದಿಂದ ದೇವವ್ವ ಪೇಟೆಗೆ ಹೋಗಲಿಲ್ಲ.

ಆ ವರ್ಷದ ರಂಜಾನ್ ಸುಡುಬಿಸಿಲಿನಲ್ಲಿ ಬಂತು. ಹಬ್ಬದ ಬಟ್ಟೆಗಳು ಹೊಸ ಪರಸಿಯ ಮೇಲೆ ಗುಡ್ಡೆ ಬಿದ್ದಿದ್ದವು. ಚಮನಬಿ ರೋಜಾದ ಉಪವಾಸ ಹಿಡಿದ ಬಾಯಲ್ಲಿ ಉಗುಳೂ ನುಂಗದೆ ಕಾಜಾ ಮಾಡುತ್ತಿದ್ದಳು. ಮೂರನೆಯ ದಿನ ಮುಂಜಾನೆ ದೇವವ್ವ ಕನ್ನಡಕ ಏರಿಸಿಕೊಂಡು ಬಂದು ಅವಳ ಪಕ್ಕದಲ್ಲಿ ಕುಳಿತು, ಒಂದು ಅಂಗಿಯನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಇದೇನು ಅತ್ತಿ?"

"ಸೂಜಿ ಕೊಡವಾ."

ಮೊದಲ ಕಾಜಾವನ್ನು ಚಮನಬಿ ಬಿಚ್ಚಿಸಿದಳು. ಎರಡನೆಯದನ್ನು ಬುಡನಸಾಬ ನೋಡಿ, "ಚಿಗವ್ವಾ, ಇದರಾಗ ಗುಂಡಿ ಅಲ್ಲ, ಹೋರಿ ಹೊಕ್ಕೇತಿ" ಎಂದ. ಐದನೆಯದು ಪರವಾಗಿಲ್ಲ ಎನಿಸಿತು. ಮರುದಿನವೂ ಬಂದಳು. ಅದರ ಮರುದಿನವೂ. ಏಕೆ ಎಂದು ಇಬ್ಬರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವರ ಎದುರಿಗೆ ಅವಳು ನೀರು ಸಹ ಕುಡಿಯುತ್ತಿರಲಿಲ್ಲ. ಬಾಯಾರಿದರೆ ಹಿಂದಿನ ಖೋಲಿಗೆ ಹೋಗಿ ಬರುತ್ತಿದ್ದಳು. ಮಷೀನಿನ ಸದ್ದು, ದಾರ ಹಲ್ಲಿಂದ ಕಡಿಯುವ ಸದ್ದು, ನಡುವೆ ಮೈಲಾರೆಪ್ಪ ಚಾಂದಸಾಬರ ಹಳೆಯ ಜಗಳಗಳ ನೆನಪು. ಹೇಳುವುದು ದೇವವ್ವ, ನಗುವುದು ಉಳಿದಿಬ್ಬರು. ದಿನಗಳು ತಸಬಿಯ ಮಣಿಗಳಂತೆ ಒಂದರ ಹಿಂದೆ ಒಂದು ಸರಿದವು.

ಆಕೆ ಬಂದು ಕುಳಿತ ಹದಿನೇಳನೆಯ ದಿನ. ಉಪವಾಸ ಬಿಡುವ ಸಂಜೆಯ ಮಗರಿಬ್ ಬಾಂಗಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಚಮನಬಿ ತಟ್ಟೆಯಲ್ಲಿ ಖರ್ಜೂರ ಇಡುತ್ತಿದ್ದಳು. ದೇವವ್ವ ಕೊನೆಯ ಗುಂಡಿ ಹಚ್ಚಿ, ದಾರ ಕಡಿದು, ಅಂಗಿಯನ್ನು ಮಡಚಿ, ಸೂಜಿಯನ್ನು ಅದರ ಕಾಲರಿಗೆ ಚುಚ್ಚಿ ಚಮನಬಿಯ ಕೈಗೆ ಕೊಟ್ಟಳು.

ಚಮನಬಿ ಎರಡೂ ಕೈಚಾಚಿ ತೆಗೆದುಕೊಂಡಳು.